ಮೃಗಶಿರಾ ಮಳೆಗೆ ಮೊದಲು ಅಟ್ಟ ಇಳಿಸಿ: ಮನೆಯ ಹಳೆಯ ವಸ್ತುಗಳ ಮರುಬಳಕೆಗೆ ಒಂದು ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಲ್ಲಿ ಹಳೆಯ ವಸ್ತುಗಳನ್ನು ಎಸೆಯುವ ರೂಢಿ ಕಡಿಮೆ, ಎತ್ತಿಡುವ ರೂಢಿ ಹೆಚ್ಚು. ಖಾಲಿ ಬಾಟಲಿ, ಕಡ್ಡಿ ಮುರಿದ ಕೊಡೆ, ಗೊಬ್ಬರದ ಚೀಲ, ಹಿಡಿ ಕಿತ್ತುಬಂದ ಬಕೆಟ್ಟು, ಹಳೆಯ ಸೀರೆಗಳ ಗಂಟು ಇವೆಲ್ಲವೂ ‘ಯಾವತ್ತಾದರೂ ಬೇಕಾಗುತ್ತದೆ’ ಎಂಬ ಒಂದೇ ಮಾತಿನ ಮೇಲೆ ಅಟ್ಟ ಸೇರುತ್ತವೆ. ಆ ‘ಯಾವತ್ತಾದರೂ’ ಬರುವುದರೊಳಗೆ ಮಳೆಗಾಲ ಬಂದಿರುತ್ತದೆ. ಬಟ್ಟೆಗೆ ಬೂಷ್ಟು ಹಿಡಿದು, ರಟ್ಟಿನ ಪೆಟ್ಟಿಗೆಗೆ ಗೆದ್ದಲು ಹತ್ತಿ, ಚೀಲದೊಳಗೆ ಇಲಿ ಮರಿ ಹಾಕಿ, ಉಳಿಸಿದ್ದೆಲ್ಲವೂ ಕೊನೆಗೆ ತಿಪ್ಪೆಯನ್ನೇ ಸೇರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಎಲ್ಲ ವಿಧಾನಗಳ ಹಿಂದೆ ಒಂದೇ ನಿಯಮವಿದೆ: ಯಾವ ಕೆಲಸಕ್ಕೆ, ಮನೆಯ ಯಾವ ಜಾಗದಲ್ಲಿ ಎಂಬುದು ಗೊತ್ತಾಗದ ವಸ್ತುವನ್ನು ಎತ್ತಿಡಬಾರದು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಈ ಎರಡು ಜಿಲ್ಲೆಗಳಿಗೂ ಎರಡೆರಡು ಮುಖಗಳಿವೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ವಸ್ತುವನ್ನು ಒಣಗಿಸಿಟ್ಟುಕೊಳ್ಳುವುದೇ ಕಷ್ಟ. ಅರಸೀಕೆರೆ, ಕಡೂರಿನ ಕಡೆ ನೀರು ಉಳಿಸಿಕೊಳ್ಳುವುದೇ ಕಷ್ಟ. ಒಂದು ಕಡೆಗೆ ಒಗ್ಗುವ ಉಪಾಯ ಇನ್ನೊಂದು ಕಡೆಗೆ ಒಗ್ಗುವುದಿಲ್ಲ. ಅಗತ್ಯವಿರುವಲ್ಲಿ ಆ ಭೇದವನ್ನು ಹೇಳಿದ್ದೇನೆ.

ವಿಂಗಡಣೆ

ಮೃಗಶಿರಾ ಮಳೆ ಹುಟ್ಟುವುದು ಜೂನ್ 8ರ ಆಸುಪಾಸಿನಲ್ಲಿ. ಅದಕ್ಕೆ ಎರಡು ಮೂರು ವಾರ ಮೊದಲೇ, ಬಿಸಿಲು ಚೆನ್ನಾಗಿರುವಾಗ, ಅಟ್ಟದ ಮೇಲಿರುವುದನ್ನೆಲ್ಲ ಕೆಳಗಿಳಿಸಿ ಅಂಗಳದಲ್ಲಿ ಹರವಬೇಕು. ಅಟ್ಟದ ಮೇಲೆಯೇ ಕುಳಿತು ವಿಂಗಡಿಸುವವರಿದ್ದಾರೆ. ಹಾಗೆ ಮಾಡಿದರೆ ಕತ್ತಲಲ್ಲಿ ಎಲ್ಲವೂ ಉಪಯುಕ್ತವಾಗಿಯೇ ಕಾಣುತ್ತವೆ. ಹರವಿದ ಮೇಲೆ ಮೂರು ಗುಂಪು ಸಾಕು: ಈ ಮಳೆಗಾಲದಲ್ಲೇ ಕೆಲಸಕ್ಕೆ ಬರುವವು, ಗುಜರಿಗೆ ಹೋಗುವವು, ಬೇರೆಯವರಿಗೆ ಕೊಡಬಹುದಾದವು. ಮೊದಲ ಗುಂಪಿನ ಪ್ರತಿಯೊಂದು ವಸ್ತುವಿಗೂ ಕೆಲಸವನ್ನು ಬಾಯಿಬಿಟ್ಟು ಹೇಳಿ ನೋಡಿ: ‘ಈ ಬಾಟಲಿ ಅವರೆ ಬಿತ್ತನೆ ಬೀಜಕ್ಕೆ’, ‘ಈ ಸೀರೆ ಹೊದಿಕೆಗೆ’. ಹೇಳಲು ಬಾರದಿದ್ದರೆ ಅದು ಗುಜರಿಯ ವಸ್ತು. ಹಳೆಯ ದಿನಪತ್ರಿಕೆ, ರಟ್ಟು, ಕಬ್ಬಿಣ ಇವುಗಳನ್ನು ಮಳೆಗೆ ಮೊದಲೇ ಮಾರಿಬಿಡುವುದು ಲೇಸು. ತೇವ ಹೀರಿದ ರದ್ದಿಯನ್ನು ಅಂಗಡಿಯವರು ತೂಕದಲ್ಲಿ ಕಡಿತ ಮಾಡಿ ಕೊಳ್ಳುತ್ತಾರೆ, ಇಲ್ಲವೇ ಕೊಳ್ಳುವುದೇ ಇಲ್ಲ. ಮಳೆಯಲ್ಲಿ ನೆನೆದ ಬೂಟಿನೊಳಗೆ ತುರುಕಲು, ಕಿಟಕಿಯ ಗಾಜು ಒರೆಸಲು ಒಂದು ಕಟ್ಟು ಪತ್ರಿಕೆ ಉಳಿಸಿಕೊಂಡರೆ ಸಾಕು. ಆದರೆ ಬಜ್ಜಿ, ವಡೆಯ ಎಣ್ಣೆ ಹೀರಲು ಅಚ್ಚಾದ ಕಾಗದವನ್ನು ಬಳಸಬಾರದು, ಶಾಯಿ ಬಿಸಿ ಎಣ್ಣೆಗೆ ಬಿಡುತ್ತದೆ.

ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬ

ಜಾಮ್, ಹಾರ್ಲಿಕ್ಸ್, ಕಾಫಿಪುಡಿ ಬಂದ ಗಾಜಿನ ಬಾಟಲಿಗಳು ಮನೆಯ ಮರುಬಳಕೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು. ಗಾಜು ವಾಸನೆ ಹಿಡಿಯುವುದಿಲ್ಲ, ಉಪ್ಪು ಹುಳಿಗೆ ಜಗ್ಗುವುದಿಲ್ಲ. ಕೆಡುವುದು ಮುಚ್ಚಳ ಮಾತ್ರ. ಬಾಟಲಿಯನ್ನು ಉಪ್ಪಿನಕಾಯಿಗೆ ಸಿದ್ಧಪಡಿಸುವ ಕ್ರಮ ಹೀಗೆ.

ಮೊದಲು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಚೀಟಿಯನ್ನು ಕೀಳಬೇಕು. ಉಳಿದ ಅಂಟಿನ ಮೇಲೆ ಕೊಬ್ಬರಿ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಅದು ಬಿಡುತ್ತದೆ. ಬಳಿಕ ಅಗಲವಾದ ಪಾತ್ರೆಯ ತಳದಲ್ಲಿ ಹಳೆಯ ಬಟ್ಟೆಯನ್ನು ಮಡಿಸಿ ಹಾಸಿ, ಅದರ ಮೇಲೆ ಬಾಟಲಿ ಇಟ್ಟು, ಮುಳುಗುವಷ್ಟು ತಣ್ಣೀರು ತುಂಬಿ, ಆಮೇಲೆ ಒಲೆ ಹಚ್ಚಬೇಕು. ನೀರು ಕುದಿಯಲು ಆರಂಭಿಸಿದ ಮೇಲೆ ಹತ್ತು ನಿಮಿಷ ಬಿಟ್ಟು ಒಲೆ ಆರಿಸಿ, ನೀರು ಉಗುರುಬೆಚ್ಚಗಾದ ಮೇಲೆಯೇ ಬಾಟಲಿಯನ್ನು ಹೊರತೆಗೆಯಬೇಕು. ಕುದಿಯುವ ನೀರಿಗೆ ತಣ್ಣನೆಯ ಬಾಟಲಿಯನ್ನು ಇಳಿಸಿದರೆ ಅದು ಸೀಳುತ್ತದೆ. ಒಳಗನ್ನು ಬಟ್ಟೆಯಿಂದ ಒರೆಸದೆ, ಬೋರಲಾಗಿಟ್ಟು, ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು. ಮಲೆನಾಡಿನ ಆಷಾಢದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು ಎಂದು ಕೇಳುವವರು ಬಚ್ಚಲ ಒಲೆಯ ಕಟ್ಟೆಯ ಮೇಲೆ ಒಂದು ರಾತ್ರಿ ಇಟ್ಟರಾಯಿತು. ಬಾಟಲಿಯ ತಳದಲ್ಲಿ ಒಂದು ಹನಿ ನೀರು ಉಳಿದರೂ ಉಪ್ಪಿನಕಾಯಿ ಬೂಷ್ಟು ಹಿಡಿಯುವುದು ಖಚಿತ.

ತಗಡಿನ ಮುಚ್ಚಳವಾದರೆ ಅದರ ಒಳಗಿನ ಬಣ್ಣ ಕಿತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಕಿತ್ತಿದ್ದರೆ ಉಪ್ಪು ಮತ್ತು ಹುಳಿ ಸೇರಿ ಕೆಲವೇ ವಾರಗಳಲ್ಲಿ ತುಕ್ಕು ಹಿಡಿಸುತ್ತವೆ. ಅಂಥ ಮುಚ್ಚಳದ ಬಾಟಲಿಯನ್ನು ಬೇಳೆಕಾಳು, ಬೀಜ, ಗುಂಡಿಗಳಿಗೆ ಮೀಸಲಿಡಬೇಕು. ಉಪ್ಪಿನಕಾಯಿಗೆ ಆ ಬಾಟಲಿಯೇ ಬೇಕೆಂದಾದರೆ, ಬಾಯಿಗೆ ಬೆಂಕಿಯಲ್ಲಿ ಬಾಡಿಸಿ ಆರಿಸಿದ ಬಾಳೆಲೆಯ ತುಂಡನ್ನೋ ಶುಭ್ರವಾದ ಬಿಳಿ ಬಟ್ಟೆಯನ್ನೋ ಕಟ್ಟಿ, ಅದರ ಮೇಲೆ ಮುಚ್ಚಳ ಹಾಕಿ, ಎಲೆಯನ್ನು ಆಗಾಗ ಬದಲಿಸುತ್ತಿರಬೇಕು.

ಪ್ಲಾಸ್ಟಿಕ್ ಡಬ್ಬಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದು, ಮೊದಲು ಆಹಾರವೇ ಬಂದಿದ್ದ ಡಬ್ಬವಾದರೆ, ಒಣ ಪದಾರ್ಥಗಳಿಗೆ ಬಳಸಬಹುದು. ನೀರು ಮತ್ತು ತಂಪು ಪಾನೀಯದ ಬಾಟಲಿಗಳಲ್ಲಿರುವುದು 1. ಅವುಗಳಿಗೆ ಬಿಸಿ ಪದಾರ್ಥ ಹಾಕಬಾರದು. ತೋಟದ ಕೆಲಸಕ್ಕೆ, ಬೀಜ ತುಂಬಲು, ಹನಿ ನೀರು ಬಿಡಲು ಅವು ಸಾಕು.

ಹಳೆಯ ಸೀರೆ, ಪಂಚೆ, ಪ್ಯಾಂಟು

ಬಟ್ಟೆಯಲ್ಲಿ ಮೊದಲ ಪ್ರಶ್ನೆ ಹತ್ತಿಯೋ ಪಾಲಿಯೆಸ್ಟರೋ ಎಂಬುದು. ಮೂಲೆಯಿಂದ ಒಂದು ದಾರ ಎಳೆದು, ಬಾಗಿಲ ಹೊರಗೆ ನಿಂತು ಕಡ್ಡಿ ಗೀರಿ ಸುಟ್ಟು ನೋಡಿದರೆ ತಿಳಿಯುತ್ತದೆ: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ನೀರು ಹೀರುತ್ತದೆ. ಆದ್ದರಿಂದ ಮಸಿಬಟ್ಟೆ, ನೆಲ ಒರೆಸುವ ಬಟ್ಟೆ, ಹೊದಿಕೆಗೆ ಅದೇ ಆಗಬೇಕು. ಮಸಿಬಟ್ಟೆಗೆ ಪಾಲಿಯೆಸ್ಟರನ್ನು ಬಳಸುವುದು ಅಪಾಯ, ಬಿಸಿ ಪಾತ್ರೆಗೆ ತಗುಲಿ ಕರಗಿ ಕೈಗೆ ಅಂಟುತ್ತದೆ. ಪಾಲಿಯೆಸ್ಟರ್ ಸೀರೆ ಚೀಲಕ್ಕೆ, ಪರದೆಗೆ, ಸೌದೆಯ ಹೊರೆ ಕಟ್ಟುವ ಹಗ್ಗಕ್ಕೆ ಚೆನ್ನ.

ಹೊದಿಕೆ ಅಥವಾ ಕೌದಿ ಹೊಲಿಯಲು ಎರಡು ಹತ್ತಿಯ ಸೀರೆಗಳಿದ್ದರೆ ಸಾಕು. ಐದೂವರೆ ಮೀಟರಿನ ಸೀರೆಯನ್ನು ಅಡ್ಡಕ್ಕೆ ಮೂರು ಸಮಭಾಗ ಮಾಡಿದರೆ ಸುಮಾರು ಆರಡಿ ಉದ್ದದ ಮೂರು ತುಂಡುಗಳಾಗುತ್ತವೆ. ಗಟ್ಟಿಯಾಗಿರುವ ಸೀರೆಯ ಎರಡು ತುಂಡು ಮೇಲೆ ಮತ್ತು ಕೆಳಗೆ, ನವೆದ ಸೀರೆಯ ಒಂದು ತುಂಡು ನಡುವೆ. ಸೆರಗಿನ ಹತ್ತಿರ ಮತ್ತು ಮಡಿಕೆ ಬೀಳುತ್ತಿದ್ದ ಕಡೆ ಬಟ್ಟೆ ಬೇಗ ನವೆಯುವುದರಿಂದ ಆ ಭಾಗ ಒಳಗೆ ಹೋಗುವಂತೆ ನೋಡಿಕೊಳ್ಳಬೇಕು. ಮೂರನ್ನೂ ಒಗೆದು ಒಣಗಿಸಿದ ಮೇಲೆಯೇ ಹೊಲಿಯಬೇಕು, ಇಲ್ಲವಾದರೆ ಒಂದು ಪದರ ಕುಗ್ಗಿ ಇನ್ನೊಂದು ಉಬ್ಬುತ್ತದೆ. ನೆಲದ ಮೇಲೆ ಒಂದರ ಮೇಲೊಂದು ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸುಕ್ಕು ತೆಗೆಯುತ್ತ, ನಾಲ್ಕು ದಿಕ್ಕಿಗೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಅನಂತರ ಅಂಚುಗಳನ್ನು ಒಳಕ್ಕೆ ಮಡಿಸಿ ಹೊಲಿದು, ಹೊರಗಿನಿಂದ ಒಳಕ್ಕೆ ಎರಡು ಬೆರಳಿನ ಅಂತರದಲ್ಲಿ ಸುತ್ತು ಸಾಲು ಹಾಕುತ್ತ ಹೋಗಿ, ಕೊನೆಯಲ್ಲಿ ಕಚ್ಚಾ ಹೊಲಿಗೆಯನ್ನು ಬಿಚ್ಚಬೇಕು.

ಎಷ್ಟು ಪದರ ಎಂಬುದರಲ್ಲಿ ಊರನ್ನು ನೋಡಬೇಕಾಗುತ್ತದೆ. ಬಯಲುಸೀಮೆಯಲ್ಲಿ ಐದಾರು ಪದರದ ಕೌದಿಯನ್ನು ಒಂದೇ ಬಿಸಿಲಿಗೆ ಒಣಗಿಸಬಹುದು. ಮೂಡಿಗೆರೆಯಲ್ಲಿ ಅಂಥದ್ದನ್ನು ಆರಿದ್ರಾ ಮಳೆಯಲ್ಲಿ ಒಗೆದರೆ ಪುಷ್ಯ ಮಳೆಯವರೆಗೂ ಹಸಿಯಾಗಿಯೇ ಇರುತ್ತದೆ ಎಂದರೆ ಬಹಳ ಉತ್ಪ್ರೇಕ್ಷೆಯೇನಲ್ಲ. ಮಲೆನಾಡಿಗೆ ಮೂರು ಪದರವೇ ಮೇಲು. ಚಳಿಗೆ ಸಾಲದಿದ್ದರೆ ಎರಡು ಹೊದಿಕೆ ಹೊದ್ದುಕೊಂಡರಾಯಿತು.

ಚೀಲಕ್ಕೆ ಪ್ಯಾಂಟಿನ ಕಾಲನ್ನು ಮೀರಿಸಿದ ಬಟ್ಟೆಯಿಲ್ಲ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದ್ದರೂ ಸಂತೆಗೆ ಬರಿಗೈಯಲ್ಲಿ ಹೋಗುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ತೊಡೆಯಿಂದ ಮಂಡಿಯವರೆಗಿನ ಭಾಗವನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ, ಕಿರಿದಾದ ತುದಿಗೆ ಎರಡು ಸಾಲು ಹೊಲಿಗೆ ಹಾಕಬೇಕು. ಬಳಿಕ ತಳದ ಎರಡು ಮೂಲೆಗಳನ್ನೂ ಮೂರು ಬೆರಳಗಲಕ್ಕೆ ತ್ರಿಕೋನವಾಗಿ ಮಡಿಸಿ ಅಡ್ಡಲಾಗಿ ಹೊಲಿದರೆ ಚೀಲಕ್ಕೆ ಅಗಲವಾದ ತಳ ಬರುತ್ತದೆ, ನೆಲದ ಮೇಲಿಟ್ಟರೆ ಬೀಳುವುದಿಲ್ಲ. ಹಿಡಿಗೆ ಸೊಂಟದ ಪಟ್ಟಿಯನ್ನೇ ಬಳಸಬಹುದು. ಇದರಲ್ಲಿ ಐದು ಕಿಲೋ ಆಲೂಗಡ್ಡೆ ನಿರಾಯಾಸವಾಗಿ ತರಬಹುದು.

ಒಲೆಯ ಬೂದಿ ಮತ್ತು ಇದ್ದಿಲು

ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ ಸೌದೆ ಉರಿಸುವ ಮನೆಗಳು ಇಲ್ಲಿ ಇನ್ನೂ ಬಹಳ. ಆ ಬೂದಿಯನ್ನು ಪೂರ್ತಿ ಆರಿದ ಮೇಲೆ ಹಳೆಯ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ನಯವಾದ ಬೂದಿಯನ್ನು ಒಂದು ಡಬ್ಬಕ್ಕೂ, ಇದ್ದಿಲ ಚೂರುಗಳನ್ನು ಇನ್ನೊಂದು ಡಬ್ಬಕ್ಕೂ ತುಂಬಬೇಕು. ಒಲೆಗೆ ಪ್ಲಾಸ್ಟಿಕ್ ಕವರನ್ನೋ ಬಣ್ಣ ಬಳಿದ ಮರವನ್ನೋ ಹಾಕುವ ಅಭ್ಯಾಸವಿದ್ದರೆ ಆ ಬೂದಿಯನ್ನು ಪಾತ್ರೆಗೂ ಗಿಡಕ್ಕೂ ಬಳಸಬಾರದು.

ಬೀಜ ಕಾಪಿಡುವುದರಲ್ಲಿ ಬೂದಿಯ ಗುಣ ದೊಡ್ಡದು. ಚೆನ್ನಾಗಿ ಒಣಗಿದ ಅವರೆ, ಅಲಸಂದೆ, ಹುರುಳಿಕಾಯಿ ಬೀಜವನ್ನು ಬಾಟಲಿಗೆ ಹಾಕುವಾಗ ಒಂದು ಪದರ ಬೀಜ, ಬೀಜ ಮುಚ್ಚುವಷ್ಟು ಬೂದಿ, ಮತ್ತೆ ಬೀಜ ಹೀಗೆ ತುಂಬಿ, ಮೇಲೆ ಒಂದು ಬೆರಳು ಬೂದಿ ಹಾಕಿ ಮುಚ್ಚಬೇಕು. ಬೂದಿ ತೇವವನ್ನು ಹೀರುತ್ತದೆ. ಕಾಳಿನ ಸಂದುಗಳನ್ನು ತುಂಬಿ ಹುಳುವಿನ ಓಡಾಟಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಬೀಜ ಒಣಗಿದೆಯೇ ಎಂದು ತಿಳಿಯಲು ಹಲ್ಲಿನಲ್ಲಿ ಕಚ್ಚಿ ನೋಡಿ: ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ, ಟಕ್ಕೆಂದು ಒಡೆದರೆ ಸರಿ.

ಹಿತ್ತಾಳೆ, ಸ್ಟೀಲು, ಕಬ್ಬಿಣದ ಪಾತ್ರೆಗಳನ್ನು ಬೂದಿಯಿಂದ ತೊಳೆಯಬಹುದು. ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಆಗಿಬರುವುದಿಲ್ಲ. ಅದರ ಕ್ಷಾರ ಲೋಹವನ್ನು ತಿಂದು ಪಾತ್ರೆ ಕಪ್ಪಾಗುತ್ತದೆ. ಮಲೆನಾಡಿನ ಮಣ್ಣು ಹುಳಿಯಾದ್ದರಿಂದ ಕೈತೋಟಕ್ಕೆ ಬೂದಿ ಹಿತವೇ. ಪೊಟ್ಯಾಷ್ ಕೂಡ ಸಿಗುತ್ತದೆ. ಆದರೆ ಯೂರಿಯಾ ಹಾಕಿದ ಕಡೆ ಅದೇ ಸಮಯದಲ್ಲಿ ಬೂದಿ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಇದ್ದಿಲ ಚೂರನ್ನು ತೂತುಳ್ಳ ಹಳೆಯ ಕಾಲುಚೀಲದಲ್ಲಿ ಕಟ್ಟಿ ಬೀರುವಿನ ಮೂಲೆಗೆ, ಪುಸ್ತಕದ ಕಪಾಟಿಗೆ ಇಟ್ಟರೆ ಮುಗ್ಗಲು ವಾಸನೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಒಲೆಯ ಪಕ್ಕದಲ್ಲಿಟ್ಟು ಕಾಯಿಸಿ ಮತ್ತೆ ಇಡಬೇಕು. ಇಟ್ಟು ಮರೆತುಬಿಟ್ಟ ಇದ್ದಿಲಿನಿಂದ ಏನೂ ಪ್ರಯೋಜನವಿಲ್ಲ.

ಕಾಫಿಯ ಚರಟ

ಕಾಫಿ ಬೆಳೆಯುವ ಜಿಲ್ಲೆಗಳಲ್ಲಿ ಫಿಲ್ಟರಿನ ಚರಟ ದಿನವೂ ಸಿಗುವ ವಸ್ತು. ಅದರ ಬಗ್ಗೆ ಅತಿಯಾಗಿ ಹೇಳುವವರೂ ಹೆಚ್ಚು. ಅದು ಬಹಳ ಹುಳಿ, ಗಿಡಕ್ಕೆ ಅಪಾಯ ಎಂಬುದು ತಪ್ಪು. ಹುಳಿಯ ಬಹುಭಾಗ ಡಿಕಾಕ್ಷನ್ನಿನೊಂದಿಗೆ ಇಳಿದುಹೋಗಿ ಉಳಿದ ಚರಟ ಹೆಚ್ಚುಕಡಿಮೆ ತಟಸ್ಥವಾಗಿರುತ್ತದೆ. ಸಾರಜನಕ ಸುಮಾರು ಶೇ. 2ರಷ್ಟಿದೆ. ಆದರೆ ಕುಂಡದ ಮೇಲೆ ದಿನವೂ ದಪ್ಪಗೆ ಹಾಕುತ್ತ ಹೋದರೆ ಅದು ಹೆಪ್ಪುಗಟ್ಟಿ, ನೀರು ಇಳಿಯದ ತೊಗಟೆಯಾಗುತ್ತದೆ. ಆದ್ದರಿಂದ ಚರಟವನ್ನು ಗೊಬ್ಬರದ ಬಕೆಟ್ಟಿಗೆ ಹಾಕುವುದು ಸರಿಯಾದ ಕ್ರಮ.

ಆ ಬಕೆಟ್ಟಿಗೆ ಇಪ್ಪತ್ತು ಲೀಟರಿನ ಹಳೆಯ ಪೇಂಟ್ ಡಬ್ಬವೇ ಸಾಕು. ಒಳಗೆ ಉಳಿದ ಬಣ್ಣವನ್ನು ಸಿಪ್ಪೆಯಂತೆ ಸುಲಿದು ತೆಗೆದು, ಕಾದ ಮೊಳೆಯಿಂದ ತಳಕ್ಕೆ ಹತ್ತು ಹದಿನೈದು, ಸುತ್ತ ಇಪ್ಪತ್ತು ಮೂವತ್ತು ತೂತು ಮಾಡಿ, ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಬೇಕು. ತಳಕ್ಕೆ ಒಂದು ಗೇಣು ತೆಂಗಿನ ನಾರು ಅಥವಾ ಒಣಗಿದ ಎಲೆ. ಆಮೇಲೆ ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆಯ ಲೆಕ್ಕದಲ್ಲಿ ತುಂಬುತ್ತ, ನಡುನಡುವೆ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಚಿಮುಕಿಸಿ, ವಾರಕ್ಕೆರಡು ಸಲ ಕೋಲಿನಿಂದ ತಿರುವಬೇಕು. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಪುಡಿ ಮಾಡಿಯೇ ಹಾಕಿ. ವಾಸನೆ ಬಂದರೆ ಒಣ ಎಲೆ ಸಾಲದು ಎಂದರ್ಥ. ಮಳೆಗಾಲಕ್ಕೆ ಬೇಕಾಗುವ ಒಣ ಎಲೆಯನ್ನು ಮೇ ತಿಂಗಳಲ್ಲೇ ಎರಡು ಚೀಲ ತುಂಬಿ ಸೂರಿನಡಿ ಇಟ್ಟುಕೊಳ್ಳದವರ ಬಕೆಟ್ಟು ಜುಲೈನಲ್ಲಿ ನಾರುವುದು ತಪ್ಪುವುದಿಲ್ಲ. ಎರಡು ಮೂರು ತಿಂಗಳಿಗೆ ಗೊಬ್ಬರ ಹದವಾಗುತ್ತದೆ.

ಪ್ರಾಸಂಗಿಕವಾಗಿ ಫಿಲ್ಟರಿನ ಮಾತು. ಡಿಕಾಕ್ಷನ್ ನಿಧಾನವಾಗಿ ಇಳಿಯುತ್ತಿದೆಯೆಂದು ಹೊಸ ಫಿಲ್ಟರ್ ಕೊಳ್ಳುವ ಮೊದಲು, ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಬೋರಲಾಗಿ ಕ್ಷಣ ಹೊತ್ತು ಹಿಡಿದು, ಆರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ತೂತುಗಳಲ್ಲಿ ಕಟ್ಟಿಕೊಂಡ ಜಿಡ್ಡು ಸುಟ್ಟು ಉದುರುತ್ತದೆ. ಕಲಾಯಿ ಹಾಕಿದ ಹಿತ್ತಾಳೆ ಫಿಲ್ಟರಿಗೆ ಹೀಗೆ ಮಾಡಬಾರದು, ಕಲಾಯಿ ಕರಗುತ್ತದೆ.

ಚೀಲ, ಹಾಲಿನ ಕವರು, ಕೊಡೆ

ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸದೆ ಅಂಟಿಕೊಂಡಿರುವಂತೆ ಬಿಡಿ. ಉಗುರಿನಷ್ಟಿರುವ ಆ ಚೂರನ್ನು ಗುಜರಿಯವರೂ ಆಯುವುದಿಲ್ಲ, ಅದು ಮಣ್ಣಿಗೇ ಸೇರುತ್ತದೆ. ಕವರನ್ನು ತೊಳೆದು ಒಣಗಿಸಿ, ತಳದಲ್ಲಿ ಐದಾರು ತೂತು ಮಾಡಿದರೆ ಸಸಿಯ ಚೀಲ ಸಿದ್ಧ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ಕಾಳುಮೆಣಸಿನ ಬಳ್ಳಿಯ ತುಂಡು, ಪಪ್ಪಾಯಿ, ಬದನೆ ಯಾವುದನ್ನಾದರೂ ಎಬ್ಬಿಸಬಹುದು. ನೆಡುವಾಗ ಕವರನ್ನು ಸೀಳಿ ತೆಗೆಯಲೇಬೇಕು, ಇಲ್ಲವಾದರೆ ಬೇರು ಒಳಗೇ ಸುತ್ತಿಕೊಳ್ಳುತ್ತದೆ.

ಗೊಬ್ಬರದ ಚೀಲ ಧಾನ್ಯಕ್ಕೆ ಸಲ್ಲದು, ಎಷ್ಟೇ ತೊಳೆದರೂ ಸಲ್ಲದು. ಅದನ್ನು ಕೊಪ್ಪೆ ಮಾಡಿಕೊಳ್ಳಬಹುದು: ತಳದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ತಲೆಯ ಮೇಲೆ ನಿಲ್ಲುತ್ತದೆ, ಸೌದೆ ತರಲು, ಕೊಟ್ಟಿಗೆಗೆ ಹೋಗಿಬರಲು ಇದರಷ್ಟು ಸುಲಭದ ಮಳೆ ರಕ್ಷೆ ಇಲ್ಲ. ಪ್ಲಾಸ್ಟಿಕ್ ನೇಯ್ಗೆಯ ಚೀಲದಲ್ಲಿ ಶುಂಠಿ, ಕೆಸು ಬೆಳೆಯುವವರು ಅದನ್ನು ನೇರ ಬಿಸಿಲಿಗೆ ಇಡಬಾರದು. ಬಿಸಿಲಿಗೆ ಎಳೆಗಳು ಪುಡಿಯಾಗಿ ಮಣ್ಣಿನಲ್ಲಿ ಬೆರೆತರೆ ಆರಿಸಿ ತೆಗೆಯುವುದು ಯಾರಿಂದಲೂ ಆಗದು. ಗೋಣಿಚೀಲಕ್ಕೆ ಈ ತೊಂದರೆಯಿಲ್ಲ. ಮುರಿದ ಕೊಡೆಯ ಬಟ್ಟೆಯನ್ನು ಬಿಚ್ಚಿ ಸ್ಕೂಲ್ ಬ್ಯಾಗಿನ ಮೇಲ್ಹೊದಿಕೆ ಮಾಡಬಹುದು, ಕಡ್ಡಿಗಳು ಟೊಮೆಟೊ ಗಿಡಕ್ಕೆ ಊರೆಯಾಗುತ್ತವೆ.

ತೆಂಗಿನ ಕರಟ, ಹಳೆಯ ಟಯರು, ಬಾಯಿ ಒಡೆದ ಮಡಕೆ ಏನನ್ನೇ ಹೊರಗಿಟ್ಟರೂ ಬೋರಲಾಗಿಡಬೇಕು. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದ್ದರಿಂದ ನೀರು ತುಂಬಿಡುವ ಹಳೆಯ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಮೈಯನ್ನು ಉಜ್ಜಿ, ಬಟ್ಟೆ ಕಟ್ಟಿ ಮುಚ್ಚಬೇಕು.

ಬಳಸಿದ ನೀರು, ಕರಿದ ಎಣ್ಣೆ

ಅರಸೀಕೆರೆ, ಕಡೂರಿನ ಮನೆಗಳಿಗೆ ಈ ಭಾಗವೇ ಮುಖ್ಯ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದು ಅಂದೇ ಗಿಡಕ್ಕೆ ಹಾಕಬೇಕು ಅಥವಾ ಕಲಗಚ್ಚಿಗೆ ಸೇರಿಸಬೇಕು; ಮರುದಿನಕ್ಕೆ ಅದು ಹುಳಿಯುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು ಗಿಡಕ್ಕೆ ಬೇಡ. ಬಟ್ಟೆ ಒಗೆದ ನೀರಿನಲ್ಲಿ ಎರಡನೆಯ, ಮೂರನೆಯ ಜಾಲಾಡಿದ ನೀರನ್ನು ಮಾತ್ರ ತೆಂಗು, ಬಾಳೆಗೆ ಬಿಡಬಹುದು, ಅದೂ ನಡುನಡುವೆ ಒಳ್ಳೆಯ ನೀರು ಕೊಡುತ್ತ; ಸೊಪ್ಪು ತರಕಾರಿಗೆ ಬಿಡಬಾರದು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ಹೊರಬರುವ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ಬೋರ್‌ವೆಲ್ ನೀರು ಮೊದಲೇ ಗಡಸಾಗಿರುವ ಊರುಗಳಲ್ಲಂತೂ ಅದನ್ನು ದಿನವೂ ಕುಂಡಕ್ಕೆ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಗಿಡ ಸೊರಗುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಸರಿ.

ಕರಿದ ಎಣ್ಣೆಯ ವಿಷಯದಲ್ಲಿ ಮಿತವ್ಯಯ ಅತಿಯಾಗಬಾರದು. ಮತ್ತೆ ಮತ್ತೆ ಕಾಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಆಹಾರಕ್ಕೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲಾಗದು, ಬಣ್ಣ ಕಪ್ಪಾದರೆ, ನೊರೆ ನಿಂತರೆ, ಬೇಗ ಹೊಗೆ ಬಂದರೆ ಅಡುಗೆಗೆ ಮುಗಿಯಿತೆಂದು ತಿಳಿಯಬೇಕು. ಆ ಎಣ್ಣೆಯನ್ನು ಸೋಸಿ, ಕತ್ತಿ, ಗುದ್ದಲಿ, ಹಾರೆಗಳಿಗೆ ತೆಳುವಾಗಿ ಸವರಿದರೆ ಮಳೆಗಾಲದ ತುಕ್ಕು ತಡೆಯುತ್ತದೆ. ಬಾಗಿಲ ತಿರುಗಣಿಗೆ, ಹೊಲಿಗೆ ಯಂತ್ರಕ್ಕೆ ಹಾಕಬಾರದು. ಅಡುಗೆ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ.

ಮರುಬಳಸಬಾರದವು

ತೋಟದ ಮನೆಗಳಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾಗಿರುವುದು ಕೀಟನಾಶಕ, ಕಳೆನಾಶಕದ ಡಬ್ಬಗಳ ಬಗ್ಗೆ. ಗಟ್ಟಿಯಾಗಿವೆ, ಮುಚ್ಚಳ ಬಿಗಿಯಾಗಿದೆ ಎಂದು ಅವುಗಳಲ್ಲಿ ಸೀಮೆಎಣ್ಣೆ, ಉಪ್ಪು, ನೀರು ತುಂಬುವುದು ಇಂದಿಗೂ ಕಾಣುತ್ತದೆ. ಅವು ಯಾವ ಕೆಲಸಕ್ಕೂ ಸಲ್ಲವು. ಔಷಧಿ ಮುಗಿದ ಕೂಡಲೇ ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡಬೇಕು. ಬೋರ್ಡೋ ದ್ರಾವಣ (ಬೆಳೆಯ ರೋಗಕ್ಕೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ಮಿಶ್ರಣ) ಕಲಸಿದ ಡ್ರಮ್ಮು ಬೋರ್ಡೋ ದ್ರಾವಣಕ್ಕೇ ಇರಲಿ. ಪದರ ಕಿತ್ತ ನಾನ್‌ಸ್ಟಿಕ್ ತವಾ, ಬಿರುಕು ಬಿಟ್ಟ ಮೆಲಮೈನ್ ತಟ್ಟೆಗಳನ್ನೂ ಅಡುಗೆಮನೆಯಿಂದ ಹೊರಗಿಡಬೇಕು.

ಬ್ಯಾಟರಿ ಸೆಲ್, ಅವಧಿ ಮೀರಿದ ಮಾತ್ರೆ, ಟ್ಯೂಬ್‌ಲೈಟುಗಳನ್ನು ಪ್ರತ್ಯೇಕವಾಗಿ ಕಟ್ಟಿ, ಪಟ್ಟಣದಲ್ಲಾದರೆ ಕಸದ ಗಾಡಿಗೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ (ಕಸ ವಿಂಗಡಿಸುವ ಘಟಕ) ಕೊಡಬೇಕು. ಟ್ಯೂಬ್‌ಲೈಟಿನೊಳಗೆ ಪಾದರಸವಿರುವುದರಿಂದ ಒಡೆದರೆ ಕಿಟಕಿ ಬಾಗಿಲು ತೆರೆದಿಟ್ಟು, ಸ್ವಲ್ಪ ಹೊತ್ತು ಆ ಕೋಣೆಯಿಂದ ಹೊರಗಿದ್ದು, ಬಳಿಕ ಚೂರುಗಳನ್ನು ಪೊರಕೆಯಲ್ಲಿ ಗುಡಿಸದೆ ಎರಡು ದಪ್ಪ ರಟ್ಟುಗಳಿಂದ ಒಟ್ಟುಮಾಡಿ, ನೆಲವನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಹಳೆಯ ಗಾಜಿನ ಬಾಟಲಿಗೆ ಹಾಕಿ ಕೊಡಬೇಕು. ತುಕ್ಕು ಹಿಡಿದ ಮುಚ್ಚಳದ ಬಾಟಲಿ ಒಂದನ್ನು ಇದಕ್ಕಾಗಿಯೇ ತೆಗೆದಿಟ್ಟುಕೊಳ್ಳಬಹುದು.